ತಾರಾಲಯಕ್ಕೆ ಹೊರಟ ಬಸ್ಸು ಮತ್ತು ಶಾಲೆಯಲ್ಲೇ ಉಳಿದ ಮಕ್ಕಳು

ಮಳೆಗಾಲ ಮುಗಿದು, ದಸರಾ ರಜೆ ಕಳೆದು ಶಾಲೆ ತೆರೆಯಿತೆಂದರೆ ನಮ್ಮ ಕರಾವಳಿಯಲ್ಲಿ ಪ್ರವಾಸದ ಸುತ್ತೋಲೆಗಳ ಕಾಲ. ಹಿಂದೆ ಈ ಸುತ್ತೋಲೆಗಳಲ್ಲಿ ಬೇಲೂರು, ಹಳೇಬೀಡು, ಮೈಸೂರು ಎಂದಿರುತ್ತಿತ್ತು. ಈಗ ಅನೇಕ ಶಾಲೆಗಳ ಪಟ್ಟಿಗೆ ತಾರಾಲಯವೂ ಸೇರಿದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು ಮಕ್ಕಳು ಶಾಲೆಗಳಲ್ಲೇ ಕುಳಿತು ನೇರಪ್ರಸಾರದಲ್ಲಿ ನೋಡಿದ ಮೇಲೆ ಆಕಾಶದ ವಿಷಯದಲ್ಲಿ ಅವರ ಆಸಕ್ತಿ ಇಮ್ಮಡಿಯಾಗಿದೆ. ಇದು ಸಂತೋಷದ ಸಂಗತಿ. ಆದರೆ ಈ ಪ್ರವಾಸಗಳು ನಡೆಯುತ್ತಿರುವ ರೀತಿಯ ಬಗ್ಗೆ ನಾವೆಲ್ಲರೂ, ಮುಖ್ಯವಾಗಿ ಶಾಲೆಗಳನ್ನು ನಡೆಸುವವರು, ಸ್ವಲ್ಪ ಯೋಚಿಸಬೇಕಾದ ಸಮಯ ಬಂದಿದೆ.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯ ಸಂಚಾಲಕರಾಗಿದ್ದೆವು. ಎಂಟನೇ ತರಗತಿಯವರಿಗೆ ತಾರಾಲಯ ಪ್ರವಾಸ ಎಂದು ನಿರ್ಧಾರವಾಯಿತು. ಬಸ್ಸಿನ ಬಾಡಿಗೆ, ಟಿಕೇಟು, ಊಟ, ಸಂಜೆಗೆ ವಾಟರ್ ಪಾರ್ಕ್ ಎಲ್ಲಾ ಸೇರಿಸಿ ಒಂದು ಮೊತ್ತ ನಮೂದಿಸಿದ ಸುತ್ತೋಲೆಗೆ ನಾವೇ ಸಹಿ ಹಾಕಿದೆವು. ಪ್ರವಾಸದ ದಿನ ಶಾಲೆಗೆ ಹೋದಾಗ ಒಂಬತ್ತು ಮಕ್ಕಳನ್ನು ಏಳನೇ ತರಗತಿಯ ಹಿಂದಿನ ಬೆಂಚುಗಳಲ್ಲಿ ಕೂರಿಸಿದ್ದರು. ಒಬ್ಬ ಹುಡುಗನನ್ನು, 'ನೀನು ಯಾಕೆ ಹೋಗಲಿಲ್ಲ ಮಗಾ?' ಎಂದು ಕೇಳಿದೆವು. 'ಬಸ್ಸಿನಲ್ಲಿ ವಾಂತಿ ಬರ್ತದೆ ಫಾದರ್' ಎಂದ. ಅವನು ದಿನಾ ಶಾಲೆಗೆ ಬರುವುದೇ ಬಸ್ಸಿನಲ್ಲಿ ಎಂದು ಆಮೇಲೆ ಅವನ ಟೀಚರ್ ತಿಳಿಸಿದರು.

ಮರುವಾರ ತರಗತಿಯಲ್ಲಿ ಪ್ರಬಂಧ ಬರೆಸಿದರು. ವಿಷಯ: 'ತಾರಾಲಯದಲ್ಲಿ ನಾನು ಕಂಡದ್ದು'. ಆ ಒಂಬತ್ತು ಮಕ್ಕಳೂ ಬರೆಯಬೇಕಾಯಿತು. ಗೆಳೆಯರಿಂದ ಕೇಳಿದ್ದನ್ನು ಸೇರಿಸಿ ಅವರು ಏನೋ ಬರೆದರು. ಪ್ರವಾಸ ಒಂದು ಪಾಠವೇ ಅಥವಾ ಮೋಜೇ ಎಂಬ ಪ್ರಶ್ನೆಗೆ ಆ ಪ್ರಬಂಧವೇ ಉತ್ತರ. ಅದು ಪಾಠವಾಗಿದ್ದರೆ ಹಣವಿಲ್ಲ ಎಂಬ ಕಾರಣಕ್ಕೆ ಯಾವ ಮಗುವನ್ನೂ ಅದರಿಂದ ಹೊರಗಿಡುವಂತಿಲ್ಲ. ಗಣಿತದ ಪಾಠಕ್ಕೆ ಹಣ ಕೊಟ್ಟವರು ಮಾತ್ರ ಬನ್ನಿ ಎಂದು ನಾವು ಹೇಳುತ್ತೇವೆಯೇ?

ಗುಮ್ಮಟದ ಒಳಗೆ ಏನಾಗುತ್ತದೆ?

ತಾರಾಲಯ ಹೊಸ ಆಲೋಚನೆಯಲ್ಲ. ಜರ್ಮನಿಯ ಜೈಸ್ ಕಂಪೆನಿ ತಯಾರಿಸಿದ ಪ್ರೊಜೆಕ್ಟರ್ 1923ರಲ್ಲಿ ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯದಲ್ಲಿ ಗುಮ್ಮಟದ ಒಳಮೈಯಲ್ಲಿ ನಕ್ಷತ್ರಗಳನ್ನು ಮೂಡಿಸಿತು. ನಮ್ಮ ದೇಶದಲ್ಲಿ 1960ರ ದಶಕದ ಆರಂಭದಲ್ಲಿ ಕೋಲ್ಕತ್ತದ ಬಿರ್ಲಾ ತಾರಾಲಯ, 1977ರಲ್ಲಿ ಮುಂಬಯಿಯ ನೆಹರೂ ತಾರಾಲಯ, 1989ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ಬಂದವು. ಕರಾವಳಿಯ ಮಕ್ಕಳು ದೊಡ್ಡ ತಾರಾಲಯ ನೋಡಬೇಕಾದರೆ ಬೆಂಗಳೂರಿಗೋ ಕಲ್ಲಿಕೋಟೆಗೋ ಹೋಗಬೇಕಿತ್ತು. 2018ರ ಮಾರ್ಚ್ ತಿಂಗಳಲ್ಲಿ ಮಂಗಳೂರಿನ ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ಆರಂಭವಾದಾಗ ಆ ದೂರ ಕಡಿಮೆಯಾಯಿತು. 18 ಮೀಟರ್ ವ್ಯಾಸದ, ತುಸು ವಾಲಿಸಿ ಕಟ್ಟಿದ ಗುಮ್ಮಟ. ಕನ್ನಡಕ ಹಾಕಿಕೊಂಡು ನೋಡುವ ತ್ರಿ-ಡಿ ಪ್ರದರ್ಶನ. ದೇಶದ ಮೊದಲ ತ್ರಿ-ಡಿ ತಾರಾಲಯ ಎಂಬ ಹೆಸರೂ ಅದಕ್ಕೆ ಬಂತು.

ಇಂತಹ ಪ್ರದರ್ಶನದ ಶಕ್ತಿಯನ್ನು ನಾವು ಕಡೆಗಣಿಸುವುದಿಲ್ಲ. ಒಂದು ರಾತ್ರಿಯ ಆಕಾಶದ ಚಲನೆಯನ್ನು ಒಂದೆರಡು ನಿಮಿಷಕ್ಕೆ ಇಳಿಸಿ, ನಕ್ಷತ್ರಗಳು ಧ್ರುವ ನಕ್ಷತ್ರದ ಸುತ್ತ ಸುತ್ತುವಂತೆ ಕಾಣುವುದನ್ನು ತಾರಾಲಯ ತೋರಿಸಬಲ್ಲದು. ಮಳೆಗಾಲದ ಮಧ್ಯಾಹ್ನದಲ್ಲೂ ನಿರ್ಮಲ ಆಕಾಶ ತೋರಿಸಬಲ್ಲದು. ಪುಸ್ತಕದಲ್ಲಿ ಚಿಕ್ಕ ಚಿತ್ರವಾಗಿದ್ದ ಶನಿಯ ಬಳೆ ತಲೆಯ ಮೇಲೆ ಹಾದುಹೋದಾಗ ಮಕ್ಕಳ ಬಾಯಿಯಿಂದ ಹೊರಡುವ ಉದ್ಗಾರಕ್ಕೆ ಬೆಲೆ ಕಟ್ಟಲಾಗದು.

ಆದರೆ ಪ್ರದರ್ಶನ ಮುಗಿಯಲು ಅರ್ಧ ಗಂಟೆ ಸಾಕು. ಪಿಲಿಕುಳದಲ್ಲೇ ಪ್ರಾಣಿಸಂಗ್ರಹಾಲಯ, ವಿಜ್ಞಾನ ಕೇಂದ್ರ, ಗುತ್ತಿನ ಮನೆ, ಕೆರೆ, ವಾಟರ್ ಪಾರ್ಕ್ ಇವೆ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಅವಸರದಲ್ಲಿ ತಾರಾಲಯ ನಡುವೆ ಸಿಕ್ಕಿದ ತಂಪು ಕೋಣೆಯಾಗಿಬಿಡುತ್ತದೆ. ಪ್ರವಾಸದಿಂದ ಬಂದ ಮಕ್ಕಳನ್ನು ಕೇಳಿ ನೋಡಿ. ನೀರಿನ ಜಾರುಬಂಡಿಯ ನೆನಪು ಇರುತ್ತದೆ, ಗುಮ್ಮಟದಲ್ಲಿ ಕಂಡ ಗ್ರಹದ ಹೆಸರು ಇರುವುದಿಲ್ಲ. ಅದು ಮಕ್ಕಳ ತಪ್ಪಲ್ಲ. ಹೋಗುವ ಮುಂಚೆ ಯಾರೂ ಅವರಲ್ಲಿ ಒಂದು ಪ್ರಶ್ನೆ ಹುಟ್ಟಿಸಿರಲಿಲ್ಲ; ಬಂದ ಮೇಲೆ ಯಾರೂ ಅವರನ್ನು ಅಂಗಳಕ್ಕೆ ಕರೆದು ಮೇಲೆ ನೋಡಿ ಎಂದಿರಲಿಲ್ಲ.

2019ರ ಆ ಬೆಳಗ್ಗೆ

ಇದರಿಂದ ನಷ್ಟವೇನು ಎಂದು ಕೇಳುವವರಿಗೆ 2019ರ ಡಿಸೆಂಬರ್ 26ನ್ನು ನೆನಪಿಸುತ್ತೇವೆ. ಕ್ರಿಸ್ಮಸ್ ಮರುದಿನ. ಬೆಳಗ್ಗೆ ಸುಮಾರು 8 ಗಂಟೆಗೆ ಸೂರ್ಯಗ್ರಹಣ ಆರಂಭವಾಗಿ 9.25ರ ಸುಮಾರಿಗೆ ನಮ್ಮ ಮಂಗಳೂರಿನ ಆಕಾಶದಲ್ಲೇ ಕಂಕಣದಂತೆ ಕಂಡಿತು. ಲೋಕದ ಬೇರೆ ಕಡೆಯವರು ಸಾವಿರಾರು ಮೈಲಿ ಪ್ರಯಾಣಿಸಿ ನೋಡಲು ಹೋಗುವ ದೃಶ್ಯ ನಮ್ಮ ಅಂಗಳಕ್ಕೇ ಬಂದಿತ್ತು. ಪಿಲಿಕುಳದಲ್ಲಿ ಸುರಕ್ಷಿತವಾಗಿ ನೋಡುವ ವ್ಯವಸ್ಥೆ ಇತ್ತು, ಅನೇಕರು ಹೋದರು. ಆದರೆ ಅದೇ ಹೊತ್ತಿಗೆ ಎಷ್ಟೋ ಮನೆಗಳ ಬಾಗಿಲು ಮುಚ್ಚಿತ್ತು, ರಸ್ತೆಗಳು ಬಿಕೋ ಎನ್ನುತ್ತಿದ್ದವು. ಅದೇ ಬೆಳಗ್ಗೆ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗವೈಕಲ್ಯ ವಾಸಿಯಾಗುತ್ತದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ನಾಡಿನ ಮನ ಕಲಕಿತು.

ಬೇರೆಯವರತ್ತ ಬೆರಳು ತೋರಿಸುವುದು ಸುಲಭ. ಆದರೆ ಗ್ರಹಣದ ಹೊತ್ತಿಗೆ ಬಸುರಿ ಮಗಳನ್ನು ಕೋಣೆಯಿಂದ ಹೊರಬಿಡದ ಮನೆಗಳು ನಮ್ಮ ವಾಳೆಗಳಲ್ಲೂ ಇವೆ. ಗೆಲಿಲಿಯೋನನ್ನು 1633ರಲ್ಲಿ ಖಂಡಿಸಿದವರು ನಮ್ಮ ಧರ್ಮಸಭೆಯವರೇ. ಆ ತಪ್ಪನ್ನು ಪೋಪ್ ಎರಡನೇ ಜಾನ್ ಪಾವ್ಲ್ ಬಹಿರಂಗವಾಗಿ ಒಪ್ಪಿಕೊಂಡದ್ದು 1992ರಲ್ಲಿ. ಇನ್ನೊಂದು ಕಡೆ, 1689ರಲ್ಲಿ ಪಾಂಡಿಚೇರಿಯಲ್ಲಿ ದೂರದರ್ಶಕದಿಂದ ಧೂಮಕೇತುವನ್ನು ನೋಡುತ್ತಿದ್ದಾಗ ಆಲ್ಫಾ ಸೆಂಟಾರಿ ಒಂದಲ್ಲ, ಜೋಡಿ ನಕ್ಷತ್ರ ಎಂದು ಕಂಡುಕೊಂಡ ಫಾದರ್ ರಿಶೋ ಯೇಸುಸಭೆಯ ಗುರುವಾಗಿದ್ದರು. ಎರಡೂ ನಮ್ಮ ಚರಿತ್ರೆಯೇ. ಯಾವುದನ್ನು ಮುಂದುವರಿಸುವುದು ಎಂಬುದು ನಮ್ಮ ಕೈಯಲ್ಲಿದೆ.

ಭಯವನ್ನು ಭಾಷಣದಿಂದ ಓಡಿಸಲಾಗದು. ಗ್ರಹಣದ ದಿನ ಮಾವಿನ ಮರದ ನೆರಳಿನಲ್ಲಿ ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲಾ ಬಳೆಗಳಾದದ್ದನ್ನು ಕಂಡ ಮಗು ಮನೆಗೆ ಹೋಗಿ ಅಜ್ಜಿಯನ್ನು ಕೈಹಿಡಿದು ಅಂಗಳಕ್ಕೆ ಕರೆತರುತ್ತದೆ. ಶಾಲೆಯಲ್ಲಿ ಉಳಿದ ಆ ಒಂಬತ್ತು ಮಕ್ಕಳ ಮನೆಯಲ್ಲೂ ಅಜ್ಜಿಯಂದಿರಿದ್ದಾರೆ.

ನಾವೇನು ಮಾಡಬಹುದು?

ಮೊದಲನೆಯದಾಗಿ, ಪ್ರವಾಸದಿಂದ ಮೋಜನ್ನು ಬೇರ್ಪಡಿಸೋಣ. ವಾಟರ್ ಪಾರ್ಕ್ ಕೈಬಿಟ್ಟರೆ ಖರ್ಚಿನ ದೊಡ್ಡ ಭಾಗ ಇಳಿಯುತ್ತದೆ. ಉಳಿದದ್ದು ಬಸ್ಸು ಮತ್ತು ಟಿಕೇಟು. ಹಳೆ ವಿದ್ಯಾರ್ಥಿ ಸಂಘ, ಶಿಕ್ಷಕ ರಕ್ಷಕ ಸಂಘ, ಚರ್ಚಿನ ಪಾಲನಾ ಪರಿಷತ್ತು ಸೇರಿದರೆ ಒಂದು ತರಗತಿಯ ಬಸ್ಸಿನ ಬಾಡಿಗೆ ದೊಡ್ಡ ಹೊರೆಯಲ್ಲ. ವಾರ್ಷಿಕ ಹಬ್ಬಕ್ಕೆ ಸಿಡಿಸುವ ಪಟಾಕಿಯ ಲೆಕ್ಕ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಒಂದು ಎಚ್ಚರ: 'ಬಡ ಮಕ್ಕಳು ಎದ್ದು ನಿಲ್ಲಿ' ಎಂದು ಹೆಸರು ಬರೆದುಕೊಳ್ಳುವ ಸಹಾಯ ಬೇಡ. ಎಲ್ಲರ ಮೊತ್ತವನ್ನೂ ಒಂದೇ ಸಮನಾಗಿ ಇಳಿಸಬೇಕು, ಅಥವಾ ಯಾರಿಗೂ ತಿಳಿಯದಂತೆ ತುಂಬಬೇಕು. ವಾಂತಿಯ ನೆಪ ಹೇಳಿದ ಹುಡುಗ ಕಾಪಾಡಿಕೊಂಡದ್ದು ತನ್ನ ತಂದೆಯ ಮಾನವನ್ನು. ಬಸ್ಸಿಗೆ ದಾರಿ ದೂರವಾದ ಶಾಲೆಗಳು ಗಾಳಿ ತುಂಬಿದ ಗುಮ್ಮಟದ ಸಂಚಾರಿ ತಾರಾಲಯವನ್ನು ಕರೆಸಿಕೊಳ್ಳಲು ಪ್ರಯತ್ನಿಸಬಹುದು. ಆಗ ಹಿಂದೆ ಉಳಿಯುವವರೇ ಇರುವುದಿಲ್ಲ.

ಎರಡನೆಯದಾಗಿ, ಪ್ರವಾಸಕ್ಕೆ ಹಿಂದೆ ಮುಂದೆ ಪಾಠ ಇರಲಿ. ಹೋಗುವ ಮೊದಲಿನ ಹದಿನೈದು ದಿನ ಮಕ್ಕಳು ಸಂಜೆ ಒಂದೇ ಹೊತ್ತಿಗೆ ಚಂದ್ರನನ್ನು ನೋಡಿ ಚಿತ್ರ ಬರೆಯಲಿ. ಚಂದ್ರ ಪ್ರತಿದಿನ ಪೂರ್ವದ ಕಡೆಗೆ ಜಾರುವುದು ಅವರಿಗೇ ತಿಳಿಯುತ್ತದೆ. ಯಾಕೆ ಎಂಬ ಪ್ರಶ್ನೆಯೊಡನೆ ಅವರು ಗುಮ್ಮಟದೊಳಗೆ ಹೋಗುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಜೋರು ಎಂಬುದನ್ನು ಮೀನುಗಾರರ ಮಕ್ಕಳು ಟೀಚರಿಗೇ ಕಲಿಸಬಲ್ಲರು. ಈಸ್ಟರ್ ಪ್ರತಿವರ್ಷ ಬೇರೆ ತಾರೀಕಿಗೆ ಬರುವುದೇಕೆ ಎಂದು ಕೇಳುವ ಮಗುವಿಗೆ ಪವಿತ್ರ ಗುರುವಾರ ರಾತ್ರಿ ಆರಾಧನೆ ಮುಗಿಸಿ ಮನೆಗೆ ಹೋಗುವಾಗ ಆಕಾಶ ನೋಡಲು ಹೇಳಿ. ಪ್ರತಿವರ್ಷವೂ ಅಂದು ಚಂದ್ರ ಹುಣ್ಣಿಮೆಯ ಆಸುಪಾಸಿನಲ್ಲೇ ಇರುತ್ತಾನೆ.

ಮೂರನೆಯದಾಗಿ, ನಿಜವಾದ ಆಕಾಶವನ್ನು ತೋರಿಸೋಣ. ಇದಕ್ಕೆ ಟಿಕೇಟು ಬೇಡ. ಡಿಸೆಂಬರ್, ಜನವರಿಯ ರಾತ್ರಿ 8 ಗಂಟೆಗೆ ಪೂರ್ವದಲ್ಲಿ ಒಂದೇ ಸಾಲಿನ ಮೂರು ನಕ್ಷತ್ರಗಳ ಮಹಾವ್ಯಾಧ, ಅದಕ್ಕಿಂತ ಮೇಲೆ ಕೃತ್ತಿಕೆಯ ಗೊಂಚಲು ಬರಿಗಣ್ಣಿಗೇ ಕಾಣುತ್ತವೆ. ಉತ್ತರಕ್ಕೆ ಮುಖಮಾಡಿ ಕೈ ಚಾಚಿ ಮುಷ್ಟಿ ಹಿಡಿದರೆ, ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ ಧ್ರುವ ನಕ್ಷತ್ರ. ಅದು ಅಷ್ಟೇ ಎತ್ತರದಲ್ಲಿರುವುದು ನಮ್ಮೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ. ಮೇ ತಿಂಗಳ ರಾತ್ರಿ 10ರ ಸುಮಾರಿಗೆ ದಕ್ಷಿಣದ ತಗ್ಗಿನಲ್ಲಿ ಫಾದರ್ ರಿಶೋ ನೋಡಿದ ಆಲ್ಫಾ ಸೆಂಟಾರಿಯೂ ಕಾಣುತ್ತದೆ. ಏಪ್ರಿಲ್ 24-25ರ ಹೊತ್ತಿಗೆ ಮಧ್ಯಾಹ್ನ 12.28ರ ಸುಮಾರಿಗೆ ಮಂಗಳೂರು, ಉಡುಪಿಗಳಲ್ಲಿ ನೆಟ್ಟಗೆ ನಿಂತ ಕೋಲಿನ ನೆರಳು ಮಾಯವಾಗುತ್ತದೆ. ಆಗ ಶಾಲೆಗೆ ರಜೆ. ಆದರೆ ಚರ್ಚುಗಳಲ್ಲಿ ಬೇಸಿಗೆ ಶಿಬಿರ ನಡೆಯುವ ಕಾಲವೂ ಅದೇ. ಒಂದು ಕೋಲು ಸಾಕು.

ನಕ್ಷತ್ರ ನೋಡಲು ಕತ್ತಲೆ ಬೇಕು. ನಮ್ಮ ಚರ್ಚ್ ಮೈದಾನಗಳ ದೊಡ್ಡ ದೀಪಗಳನ್ನು ಒಂದು ಸಂಜೆ ಒಂದು ಗಂಟೆ ಆರಿಸಲು ಧರ್ಮಗುರುಗಳು ಒಪ್ಪಿದರೆ ಅದೇ ನಮ್ಮ ತಾರಾಲಯ. ಮಕ್ಕಳನ್ನು ರಾತ್ರಿ ಕಡಲತೀರಕ್ಕೆ ಕರೆದೊಯ್ಯುವುದಕ್ಕಿಂತ ಇದು ಸುರಕ್ಷಿತವೂ ಹೌದು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದದ್ದನ್ನು ಮರೆಯುವಂತಿಲ್ಲ. ಹೆತ್ತವರು ಬಂದು ಜೊತೆಗೆ ಕೂರಲಿ, ಅವರೂ ನೋಡಲಿ. ಸೂರ್ಯನನ್ನು ಮಾತ್ರ ಪ್ರಮಾಣೀಕೃತ ಕನ್ನಡಕವಿಲ್ಲದೆ ನೋಡಬಾರದು, ಹಳೆಯ ಎಕ್ಸ್-ರೇ ಹಾಳೆಯಿಂದಲೂ ನೋಡಬಾರದು ಎಂಬ ಎಚ್ಚರಿಕೆಯನ್ನು ಈಗಿನಿಂದಲೇ ಕಲಿಸೋಣ. 2031ರ ಮೇ 21ರಂದು ಕಂಕಣ ಗ್ರಹಣದ ಹಾದಿ ನಮ್ಮ ನೆರೆಯ ಕೇರಳ ಮತ್ತು ತಮಿಳುನಾಡಿನ ಮೂಲಕ ಹೋಗಲಿದೆ. ನಮ್ಮಲ್ಲೂ ಸೂರ್ಯನ ಬಹುಭಾಗ ಮರೆಯಾಗಲಿದೆ. ಆ ದಿನ ಎಷ್ಟು ಬಾಗಿಲುಗಳು ತೆರೆದಿರುತ್ತವೆ ಎಂಬುದು ಇಂದಿನ ಶಾಲೆಗಳಲ್ಲಿ ನಿರ್ಧಾರವಾಗುತ್ತದೆ.

ನಮ್ಮ ಆ ಶಾಲೆಯಲ್ಲಿ ಮರುವರ್ಷ ವಾಟರ್ ಪಾರ್ಕ್ ಕೈಬಿಟ್ಟೆವು. ಹಳೆ ವಿದ್ಯಾರ್ಥಿಗಳು ಬಸ್ಸಿನ ಬಾಡಿಗೆ ಕೊಟ್ಟರು. ಎಂಟನೆಯವರು ಒಬ್ಬರೂ ಬಿಡದೆ ಹೋದರು. ಆದರೆ ವಾಂತಿಯ ನೆಪ ಹೇಳಿದ ಹುಡುಗ ಅಷ್ಟರಲ್ಲಿ ಒಂಬತ್ತನೆಯಲ್ಲಿದ್ದ. ಒಂಬತ್ತನೆಯವರಿಗೆ ತಾರಾಲಯ ಇರಲಿಲ್ಲ. ನಾವು ತಿದ್ದಿಕೊಳ್ಳುವಷ್ಟರಲ್ಲಿ ಅವನ ಸರದಿ ಮುಗಿದಿತ್ತು.

ಸಂಚಾಲಕರಲ್ಲಿ, ಮುಖ್ಯೋಪಾಧ್ಯಾಯರಲ್ಲಿ ನಮ್ಮ ವಿನಂತಿ ಇಷ್ಟೇ. ಈ ವರ್ಷದ ಪ್ರವಾಸದ ಸುತ್ತೋಲೆ ಸಹಿಗಾಗಿ ನಿಮ್ಮ ಮೇಜಿಗೆ ಬಂದಾಗ, ಎಷ್ಟು ಮಕ್ಕಳು ಹೋಗುತ್ತಾರೆ ಎಂದು ಕೇಳಬೇಡಿ. ಎಷ್ಟು ಮಕ್ಕಳು ಉಳಿಯುತ್ತಾರೆ ಎಂದು ಕೇಳಿ. ಆಮೇಲೆ ಸಹಿ ಹಾಕಿ.