ಅದರಿಂದ ಬರುವುದೇನು?

ನಮ್ಮ ಬಾಂಧವರೊಬ್ಬರ ಮಗಳು ಬಿ.ಎಸ್ಸಿ.ಯಲ್ಲಿ ಮೊದಲ ದರ್ಜೆ ಪಡೆದು, ಮುಂದೆ ಸಂಶೋಧನೆಗೆ ಹೋಗುತ್ತೇನೆಂದರೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಅದರಿಂದ ಬರುವುದೇನು?" ತಿಂಗಳ ಸಂಬಳವನ್ನು ನಂಬಿ ಬಾಳುವ ಗುಮಾಸ್ತರ ಮನೆಯಲ್ಲಿ ಇದು ಅನುಚಿತವಾದ ಪ್ರಶ್ನೆಯೇನೂ ಅಲ್ಲ. ಆದರೆ ಉತ್ತರ ಕೊಡುವ ಮುನ್ನ, ಇದೇ ಮಹಾನಗರದಲ್ಲಿ ಒಬ್ಬ ಮಹಿಳೆ ನಡೆಸಿದ ದೀರ್ಘ ಸಾಧನೆಯನ್ನು ವಾಚಕರು ಪರ್ಯಾಲೋಚಿಸಬೇಕೆಂದು ನಾವು ಬಯಸುತ್ತೇವೆ.

ಮಂಜು ರಾಯ್ ಎಂಬ ಹೆಸರು ಕೇಳಿ ಕೆಲವರು ಮಂಡ್ಯದ ಕಡೆಯವರೆಂದು ಹಿಗ್ಗಬಹುದು. ಇಲ್ಲ, ಅವರು ಬಂಗಾಳಿ. ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ 1975ರಲ್ಲಿ ಜೀವರಸಾಯನದಲ್ಲಿ ಡಾಕ್ಟರೇಟ್ ಪಡೆದ ಅವರು, ಜಾದವಪುರದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ವಿಭಾಗದ ಮುಖ್ಯಸ್ಥರೂ ಆದರು. 1876ರಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು ಸ್ಥಾಪಿಸಿದ ಸಂಸ್ಥೆಯಿದು. ಬೌಬಜಾರಿನಲ್ಲಿದ್ದಾಗ, ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ರಾಮನ್ನರು ಕಚೇರಿಯ ಹೊತ್ತು ಕಳೆದು ಪ್ರಯೋಗ ನಡೆಸುತ್ತಿದ್ದುದೂ ಇದರಲ್ಲಿಯೇ. ಲೆಕ್ಕ ಬರೆಯುವ ನಮ್ಮ ಮಿತ್ರರು ಇದನ್ನು ಮರೆಯದಿರಲಿ.

ನಾವು ತಿಂದ ಸಕ್ಕರೆ ದೇಹದಲ್ಲಿ ಉರಿಯುವಾಗ, ಒಲೆಯಿಂದ ಹೊಗೆ ಏಳುವಂತೆ, ಮೀಥೈಲ್‌ಗ್ಲೈಆಕ್ಸಾಲ್ ಎಂಬ ಪದಾರ್ಥ ಅಲ್ಪಸ್ವಲ್ಪ ಹುಟ್ಟುತ್ತದೆ. ಅದನ್ನು ಹೊರದೂಡುವ ಕಿಣ್ವಗಳೂ ನಮ್ಮಲ್ಲಿವೆ. ಇದಕ್ಕೂ ಕ್ಯಾನ್ಸರಿಗೂ ಸಂಬಂಧವಿರಬಹುದೆಂದು 1960ರ ದಶಕದಲ್ಲಿ ನೊಬೆಲ್ ಪುರಸ್ಕೃತ ಸೆಂಟ್-ಜ್ಯೋರ್ಜಿಯವರು ಊಹಿಸಿದ್ದರು. ಆಮೇಲೆ ಅದನ್ನು ಹಿಡಿದು ಕುಳಿತವರು ವಿರಳ. ಮಂಜು ರಾಯ್ ಕುಳಿತರು. ಆ ಪದಾರ್ಥವು ಕ್ಯಾನ್ಸರ್ ಕೋಶದ ಒಲೆಗೆ ಸೌದೆ ಸಿಗದಂತೆ ಮಾಡಿ ಅದರ ಶಕ್ತಿಯನ್ನು ಕುಂದಿಸುತ್ತದೆ, ಆರೋಗ್ಯವಂತ ಕೋಶಕ್ಕೆ ಅಷ್ಟು ಬಾಧೆ ಕೊಡದು ಎಂದು ಅವರ ತಂಡ ವರದಿ ಮಾಡಿತು. 1989ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿತು. ನಿವೃತ್ತಿಯ ಬಳಿಕವೂ ಬೋಸ್ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು.

ಔಷಧ ಬಂತೇ? ಬರಲಿಲ್ಲ. ರೋಗಿಗಳ ಮೇಲೆ ಸಣ್ಣ ಪ್ರಮಾಣದ ಪರೀಕ್ಷೆಗಳಾದರೂ ಅದು ಅಂಗೀಕೃತ ಚಿಕಿತ್ಸೆಯಾಗಿಲ್ಲ. ಮಧುಮೇಹಿಗಳಿಗೆ ಇದೇ ಪದಾರ್ಥ ಕೆಡುಕು ಮಾಡುತ್ತದೆಂಬುದೂ ತಿಳಿದಿದೆ. ಇದರ ಹೆಸರಿನಲ್ಲಿ ಯಾರಾದರೂ ಸೀಸೆ ಮಾರಿದರೆ ಕೊಳ್ಳಬೇಡಿ. ಬಾಯಲ್ಲಿ ಹುಣ್ಣು ಮಾಯದಿದ್ದರೆ ನೇರವಾಗಿ ಹಾಜ್ರಾದ ಚಿತ್ತರಂಜನ್ ಕ್ಯಾನ್ಸರ್ ಆಸ್ಪತ್ರೆಗೆ ನಡೆಯಿರಿ.

ಹಾಗಾದರೆ ಆ ವರ್ಷಗಳು ವ್ಯರ್ಥವೇ? ಅಂಗಡಿಗೆ ಮಾಲು ಬಂದಮೇಲೆಯೇ ಬೆಲೆ ಕಟ್ಟುವುದು ನಮ್ಮ ವ್ಯಾಪಾರದ ರೂಢಿ. ಆ ತಕ್ಕಡಿ ಪ್ರಯೋಗಶಾಲೆಗೆ ಒಗ್ಗದು. ಕ್ಯಾನ್ಸರ್ ಕೋಶ ಶಕ್ತಿಯನ್ನು ಹೇಗೆ ಪಡೆಯುತ್ತದೆ ಎಂಬ ಅರಿವಿಗೆ ಅವರು ಸೇರಿಸಿದ್ದು ಉಳಿದಿದೆ, ಅವರ ಬಳಿ ಕಲಿತವರೂ ಇದ್ದಾರೆ.

ಇನ್ನು ದುಡ್ಡಿನ ಮಾತು. ಎಂ.ಎಸ್ಸಿ. ಮುಗಿಸಿ ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್ ಗೆದ್ದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ದೊರೆಯುತ್ತದೆ. ಕೈಸೇರಲು ಒಮ್ಮೊಮ್ಮೆ ತಡವಾಗುತ್ತದೆ, ನಿಜ. ಆದರೆ ಮಕ್ಕಳು ಸೋಲುವುದು ಅದಕ್ಕೂ ಮೊದಲು, ಎಂ.ಎಸ್ಸಿ.ಯ ಎರಡು ವರ್ಷಗಳ ಖರ್ಚಿನಲ್ಲಿ. ನಮ್ಮ ಸಂಘಗಳು ರಾಜ್ಯೋತ್ಸವದ ಊಟದಲ್ಲಿ ಎರಡು ಸಿಹಿಯ ಬದಲು ಒಂದನ್ನು ಬಡಿಸಲಿ. ಉಳಿದ ಹಣವನ್ನು ವರ್ಷಕ್ಕೊಬ್ಬ ಹುಡುಗಿಯ ಶುಲ್ಕಕ್ಕೆ ಕಟ್ಟಲಿ.