ಚೌಕವೂ ಒಂದು ಸಂಗಮ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರು. ಅವರಿಗಾಗಿ ಈ ಮಾತು. ‘ಚೌಕವು ಆಯತವೇ?’ ಎಂದು ಎಂಟನೆಯ ತರಗತಿಯಲ್ಲಿ ಕೇಳಿ ನೋಡಿ. ‘ಅಲ್ಲ’ ಎನ್ನುವ ಮಕ್ಕಳೇ ಹೆಚ್ಚು. ಎರಡರ ವ್ಯಾಖ್ಯೆಯೂ ಅವರಿಗೆ ಕಂಠಪಾಠ. ನಡುವಣ ಸಂಬಂಧ ಮಾತ್ರ ಕಾಣದು. ಅದನ್ನು ಕಾಣಿಸಬಲ್ಲದ್ದು ನಕ್ಷೆ.

ಕಪ್ಪುಹಲಗೆಯ ಮೇಲೆ ‘ಸಮಾಂತರ ಚತುರ್ಭುಜ’ ಎಂದು ಬರೆದು ಎರಡು ಗೆರೆಗಳನ್ನೆಳೆಯಿರಿ. ‘ಕೋನಗಳೆಲ್ಲ 90 ಡಿಗ್ರಿ’ ಎಂಬ ಗೆರೆ ಆಯತಕ್ಕೆ ಮುಟ್ಟುತ್ತದೆ. ‘ಬಾಹುಗಳೆಲ್ಲ ಸಮ’ ಎಂಬುದು ವಜ್ರಾಕೃತಿಗೆ. ನಂಜನಗೂಡಿನ ಮಗ್ಗುಲಲ್ಲಿ ಹರಿದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವಂತೆ, ಆಯತದಿಂದಲೂ ವಜ್ರಾಕೃತಿಯಿಂದಲೂ ಗೆರೆಗಳನ್ನು ಮುಂದುವರಿಸಿದರೆ ಅವು ಕೂಡುವ ಸ್ಥಳವೇ ಚೌಕ. ಆಯತದಂತೆ ಅದರ ಕರ್ಣಗಳು ಸಮ. ವಜ್ರಾಕೃತಿಯಂತೆ ಪರಸ್ಪರ ಲಂಬ. ನಮ್ಮ ಎರಡು ತಾಲ್ಲೂಕುಗಳ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉಪಮೆ ಬೇಕಿಲ್ಲ.

ಆದರೆ ಅಚ್ಚಾದ ಚಾರ್ಟನ್ನು ಗೋಡೆಗೆ ತೂಗುಹಾಕಿದರೆ ಅದೂ ಮತ್ತೊಂದು ಕಂಠಪಾಠವಾದೀತು. ಗೆರೆಯ ಮೇಲಿನ ಕಾರಣವನ್ನು ಮಗುವೇ ಯೋಚಿಸಿ ಬರೆಯಬೇಕು. ತಪ್ಪಿದರೆ ತಾನೇ ಅಳಿಸಿ ತಿದ್ದಬೇಕು. ಪಾಠ ಮುಗಿಸುವುದಕ್ಕೇ ವೇಳೆ ಸಾಲದೆನ್ನುವವರುಂಟು. ಹತ್ತನೆಯ ತರಗತಿಯ ಪ್ರಮೇಯದಲ್ಲಿ ‘ಕಾರಣ’ ಬರೆಯಲು ತಡವರಿಸುವ ಮಗು ಎಡವಿದ್ದು ಬಹುಪಾಲು ಇಲ್ಲಿಯೇ. ಆದ್ದರಿಂದ ಒಂದೆರಡು ಪೀರಿಯಡ್ಡುಗಳನ್ನು ಇದಕ್ಕೆ ಧಾರಾಳವಾಗಿ ಕೊಡಿರಿ.