ಹಿತ್ತಿಲಿಗೆ ಬರುವ ಬೇಟೆಯ ಹಕ್ಕಿಗಳು

ಹಿತ್ತಿಲಲ್ಲಿ ಗದ್ದಲಮಾಡುತ್ತಿದ್ದ ಪಿಕಳಾರ, ಗೊರವಂಕಗಳು ಒಮ್ಮೆಲೇ ಸದ್ದಡಗಿ ಎಲೆಮರೆಯನ್ನು ಸೇರುವುದನ್ನೂ, ಅಳಿಲೊಂದು ಕೊಂಬೆಗೆ ಅಂಟಿಕೊಂಡು ಎಡೆಬಿಡದೆ ಚೀರುವುದನ್ನೂ ವಾಚಕರು ಕಂಡಿರಬಹುದು. ಅಂಥ ವೇಳೆಯಲ್ಲಿ ಬೆಕ್ಕನ್ನು ಹುಡುಕಿ ಸುಮ್ಮನಾಗದೆ ತಲೆಯೆತ್ತಿಯೂ ನೋಡತಕ್ಕುದು. ಬೆಂಗಳೂರು, ಮೈಸೂರುಗಳ ಹೊರಬಡಾವಣೆಗಳಲ್ಲಿ ಮಾವು, ಹೊಂಗೆ, ತೆಂಗುಗಳುಳ್ಳ ಮನೆಗಳಿಗೆ ಬೇಟೆಯ ಹಕ್ಕಿಗಳು ಬರುವುದು ಅಪರೂಪವೇನೂ ಅಲ್ಲ. ಆದರೆ ಬಂದುದಕ್ಕೆಲ್ಲ ಹದ್ದೆಂದು ಹೆಸರಿಟ್ಟು ಕಲ್ಲೆತ್ತಿಕೊಳ್ಳುವವರೇ ಹೆಚ್ಚು.

ನಿಜವಾದ ಹದ್ದನ್ನು ಗುರುತಿಸುವುದು ಸುಲಭ. ಕಂದುಮೈಯ ದೊಡ್ಡ ಹಕ್ಕಿ. ಹಾರುವಾಗ ಬಾಲದ ತುದಿ ಕವಲೊಡೆದಂತೆ ಕಾಣುವುದು. ಗರುಡನ ತಲೆ, ಎದೆ ಬಿಳಿ, ಉಳಿದ ಮೈ ಇಟ್ಟಿಗೆಗೆಂಪು. ಗರುಡನ ಮರಿಯು ಮಾತ್ರ ಹದ್ದಿನಂತೆಯೇ ಕಂದಾಗಿರುವುದರಿಂದ ಬಣ್ಣವನ್ನು ನಂಬಬಾರದು. ಅದರ ಬಾಲದ ತುದಿ ದುಂಡಗಿರುವುದು.

ಮರದೊಳಕ್ಕೇ ನುಗ್ಗಿ ಹಿತ್ತಿಲನ್ನು ನಡುಗಿಸುವುದು ಇವೆರಡೂ ಅಲ್ಲ, ಪಾರಿವಾಳದಷ್ಟೇ ಗಾತ್ರದ ಗಿಡುಗ. ಪಕ್ಷಿಶಾಸ್ತ್ರಜ್ಞರು ಇದನ್ನು ಶಿಕ್ರ ಎನ್ನುವರು. ಕನ್ನಡದಲ್ಲಿ ಬಿಜ್ಜು ಎಂಬ ಹೆಸರೂ ಉಂಟು. ಬೆನ್ನು ಬೂದಿಯ ಬಣ್ಣ, ಬಿಳಿಯ ಎದೆಗೆ ಅಡ್ಡಲಾಗಿ ತೆಳ್ಳನೆಯ ಕೆಂಗಂದು ಪಟ್ಟೆಗಳು, ಗಂಟಲಿನ ನಡುವೆ ಉದ್ದಕ್ಕೆ ಒಂದು ಮಸುಕು ಗೆರೆ. ಗಂಡಿನ ಕಣ್ಣು ಕೆಂಪು. ಹೆಣ್ಣು ಗಂಡಿಗಿಂತ ದೊಡ್ಡದು. ಎಳೆಯ ಹಕ್ಕಿಯ ಬೆನ್ನು ಕಂದು, ಎದೆಯಲ್ಲಿ ಅಡ್ಡಪಟ್ಟೆಗಳ ಬದಲು ಉದ್ದುದ್ದನೆಯ ಕಂದು ಮಚ್ಚೆಗಳು. ನಾಲ್ಕಾರು ಬಾರಿ ಬಿರುಸಾಗಿ ರೆಕ್ಕೆ ಬಡಿದು ತುಸು ದೂರ ತೇಲಿ ಮತ್ತೆ ಬಡಿಯುವುದು ಇದರ ಹಾರಾಟದ ರೀತಿ. ಹದ್ದಿನಂತೆ ಆಕಾಶದಲ್ಲಿಯೇ ಕಾಲಕಳೆಯದೆ, ಎಲೆಮರೆಯಲ್ಲಿ ಹೊಂಚಿದ್ದು ಓತಿ, ಅಳಿಲು, ಇಲಿ, ಸಣ್ಣ ಹಕ್ಕಿಗಳ ಮೇಲೆ ಎರಗುವುದು. ಕೋಳಿಮರಿ ಸಿಕ್ಕಿದರೆ ಬಿಡದೆಂಬುದೂ ನಿಜವೇ. ಮರಿಗಳ ಮೇಲೊಂದು ಬಲೆ ಹೊದಿಸಿದರೆ ತೀರಿತು. ಗಿಡುಗವನ್ನು ಪಳಗಿಸಿ ಬೇಟೆಯಾಡುವ ವಿನೋದ ನಮ್ಮ ನಾಡಿಗೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅದರ ವಿವರವಿದೆ.

ಇನ್ನೊಂದು ಹಕ್ಕಿ ನುರಿತವರನ್ನೂ ಮೋಸಗೊಳಿಸುವುದು. ಹಿಂದಿಯವರು ಪಪೀಹಾ ಎನ್ನುವ ಈ ಕೋಗಿಲೆಯ ಬಳಗದ ಹಕ್ಕಿ, ಬಣ್ಣದಲ್ಲಿಯೂ ಹಾರಾಟದಲ್ಲಿಯೂ ಗಿಡುಗದ ವೇಷ ತೊಟ್ಟಂತಿದೆ. ಅದು ಬಂದಾಗ ಸಣ್ಣ ಹಕ್ಕಿಗಳೂ ಬೆದರಿ ಕೂಗುವುವು. ಹರಟೆಮಲ್ಲಗಳ ಗೂಡಿನಲ್ಲಿ ಕಳ್ಳತನದಿಂದ ಮೊಟ್ಟೆಯಿಡುವ ಜಾತಿಗೆ ಇಂಥ ವೇಷ ಅನುಕೂಲವೇ ಸರಿ! ಕೊಕ್ಕನ್ನು ನೋಡಿದರೆ ಗುಟ್ಟು ಬಯಲಾಗುವುದು: ಗಿಡುಗದ ಕೊಕ್ಕು ಕೊಕ್ಕೆಯಂತೆ ಬಾಗಿ ಮೊನಚಾಗಿದೆ, ಇದರದು ಸಪೂರ. ಬೇಸಗೆಯಲ್ಲಿ ಇದರ ಕೂಗು ಮೆಟ್ಟಿಲೇರಿದಂತೆ ಏರುತ್ತ ಹೋಗುವುದು.

ಇರುಳಿನ ಪಾಳಿ ಹಾಲಕ್ಕಿಯದು. ಬುಡಬುಡಿಕೆಯವರ ಬಾಯಲ್ಲಿ ಶಕುನ ನುಡಿಯುವ ಹಕ್ಕಿ ಇದೇ. ಗುಂಡುತಲೆಯ, ಬಿಳಿಚುಕ್ಕೆಗಳುಳ್ಳ ಈ ಪುಟ್ಟ ಗೂಬೆಯು ಹುಳುಗಳನ್ನೂ ಇಲಿಮರಿಗಳನ್ನೂ ತಿಂದು ಮನೆಯವರಿಗೆ ಉಪಕಾರವನ್ನೇ ಮಾಡುತ್ತದೆ.

ಈ ಹಕ್ಕಿಗಳಿಗೆ ಕಲ್ಲಿಗಿಂತ ಘೋರವಾದುದು ಇಲಿಪಾಷಾಣ. ವಿಷ ತಿಂದ ಇಲಿ ಕೂಡಲೇ ಸಾಯದೆ ತೂರಾಡುತ್ತ ಬಯಲಿಗೆ ಬರುವುದು. ಅದನ್ನು ಹಿಡಿದು ತಿಂದ ಗಿಡುಗವೋ ಗೂಬೆಯೋ ತಾನೂ ವಿಷಕ್ಕೆ ತುತ್ತಾಗಬಹುದು. ಇಲಿಗಳಿಗೆ ಬೋನನ್ನೇ ಇಡುವುದು ಲೇಸು. ಬೇಸಗೆಯಲ್ಲಿ ಮರದ ಕೊಂಬೆ ಕಡಿಸುವವರು, ಕಾಗೆಯ ಗೂಡಿನಂತೆ ತೋರುವ ಕಡ್ಡಿಗಳ ಗೂಡು ಗಿಡುಗದ್ದೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಇವುಗಳನ್ನು ಕೊಲ್ಲುವುದೂ ಹಿಡಿದು ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಗಾಳಿಪಟದ ದಾರಕ್ಕೆ ಸಿಕ್ಕಿ ಗಾಯಗೊಂಡ ಹಕ್ಕಿ ಬಿದ್ದಿದ್ದರೆ ಅದರ ಮೇಲೆ ದಪ್ಪ ಬಟ್ಟೆ ಹಾಕಿ ಎತ್ತಿ, ಗಾಳಿಯಾಡಲು ತೂತುಗಳುಳ್ಳ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು, ಬಾಯಿಗೆ ನೀರನ್ನೂ ಅನ್ನವನ್ನೂ ತುರುಕದೆ, ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಎತ್ತುವಾಗ ಕೊಕ್ಕಿಗಿಂತ ಕಾಲುಗುರುಗಳ ಬಗೆಗೆ ಹೆಚ್ಚು ಎಚ್ಚರವಿರಲಿ.